ಪ್ರೊಸೆಸರಿಗೆ ಪಥ್ಯ

ಘೊರ್ರ್ರ್! ಬೇಸಿಗೆಯ ಮಧ್ಯಾಹ್ನ ತೈವಾನಿನ ತೈಚುಂಗ್ ಊರಿನ ನಮ್ಮ ಮನೆಯಲ್ಲಿ ಕಂಪ್ಯೂಟರಿನ ಫ್ಯಾನು ಹೀಗೆ ಗರ್ಜಿಸತೊಡಗಿದರೆ ಹೆಂಡತಿಯ ಮಾತೂ ಕೇಳಿಸುವುದಿಲ್ಲ. ಅದೊಂದು ಅನುಕೂಲ, ನಿಜ. ಆದರೆ ಹದಿನಾಲ್ಕು ವರ್ಷ ಮದರ್‌ಬೋರ್ಡ್ ಕಾರ್ಖಾನೆಯಲ್ಲಿ ದುಡಿದವನ ಮನೆಯಲ್ಲೇ ಪ್ರೊಸೆಸರ್ ಹೀಗೆ ಕುದಿಯುವುದೆಂದರೇನು? ಪ್ರತಿಜ್ಞೆ ಮಾಡಿಯೇಬಿಟ್ಟೆ: ಸಂಜೆಯೊಳಗೆ ಇದನ್ನು ಧ್ಯಾನಕ್ಕೆ ಕೂತ ಭಿಕ್ಷುವಿನಂತೆ ತಣ್ಣಗಾಗಿಸುತ್ತೇನೆ!

ಉಪಾಯ ಸರಳ. ತಯಾರಿಸಿದವರು ಪ್ರೊಸೆಸರಿಗೆ ಧಾರಾಳವಾಗಿ ವೋಲ್ಟೇಜ್ ಬಡಿಸಿರುತ್ತಾರೆ. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸಿನ ಒಳಹೊಕ್ಕು ಒಂದೆರಡು ತುತ್ತು ಕಡಿಮೆ ಮಾಡಿದರೆ ಕೆಲಸ ಮೊದಲಿನಷ್ಟೇ, ಬಿಸಿ ಮಾತ್ರ ಕಡಿಮೆ.

"ಇವತ್ತೇ ಆಗ್ಬೇಕಾ?" ಎಂದಳು ಹೆಂಡತಿ ರುಯ್‌ಯುನ್. "ಆರು ಗಂಟೆಗೆ ಅಮ್ಮನ ಎಪ್ಪತ್ತನೇ ಹುಟ್ಟುಹಬ್ಬ. ಅಲ್ಲಿ ತೋರಿಸೋ ವಿಡಿಯೊ ಇನ್ನೂ ಇದರಲ್ಲೇ ಇದೆ. ತೀರಿಹೋದ ಅಪ್ಪನ ದನಿ ಬೇರೆ ಹುಡುಕಿ ಸೇರಿಸಿದೀನಿ."

"ಹತ್ತೇ ನಿಮಿಷ!"

ಕಂಪ್ಯೂಟರಿನ ನೆತ್ತಿಯ ಮೇಲೆ ತೆಂಗಿನ ರುಚಿಯ ಜೋಳದ ಕುರುಕಲಿನ ಹಸಿರು ಪೊಟ್ಟಣ ಕೂತಿತ್ತು. ಯಂತ್ರ ಹಟ ಮಾಡದಿರಲೆಂದು ನಮ್ಮಲ್ಲಿ ಬ್ಯಾಂಕು, ಆಸ್ಪತ್ರೆಗಳಲ್ಲೂ ಇಡುತ್ತಾರೆ. ಹಸಿರೇ ಆಗಬೇಕು, ಒಡೆಯಬಾರದು. ವಿಜ್ಞಾನದ ಮನುಷ್ಯನಾದ ನಾನು ಅದು ಗಾಳಿಗೆ ಅಡ್ಡವೆಂದು ತೆಗೆದೆ. ಕೈಯಲ್ಲಿತ್ತೆಂದು ಒಡೆದೆ. ಒಡೆದಾಯಿತೆಂದು ತಿಂದೆ.

ಮೊದಲು ಐವತ್ತು ಮಿಲಿವೋಲ್ಟ್ ಇಳಿಸಿದೆ. ಫ್ಯಾನು ಪಿಸುಗುಟ್ಟಿತು. ಎಂಬತ್ತು: ಆಹಾ, ಮೌನ! ಅಲ್ಲಿಗೇ ನಿಲ್ಲಿಸುವವನು ಜಾಣ. ನಾನು ನೂರೈವತ್ತು ಇಳಿಸಿದೆ. ಪರದೆ ಕಪ್ಪಾಯಿತು. ಮತ್ತೆ ಪವರ್ ಗುಂಡಿ ಒತ್ತಿದೆ. ಕಪ್ಪೇ!

ರುಯ್‌ಯುನ್ ಬಂದು ನೋಡಿದ್ದು ಪರದೆಯನ್ನಲ್ಲ, ನನ್ನ ಗಲ್ಲಕ್ಕೆ ಅಂಟಿದ ಪುಡಿಯನ್ನು.

"ತಿಂದ್ಯಾ?"

"ಇದು ವೋಲ್ಟೇಜ್ ಸಮಸ್ಯೆ!"

"ತಿಂದ್ಯೋ ಇಲ್ವೋ?"

"ತಿಂದೆ. ಆದ್ರೆ ಕಾರಣ ಅದಲ್ಲ, ನೂರೈವತ್ತು ಮಿಲಿವೋಲ್ಟು!"

"ಅದನ್ನ ಇಳಿಸಿದ್ದು ಯಾರು, ನಮ್ಮಮ್ಮನಾ?"

ಚಪ್ಪಲಿ ಮೆಟ್ಟಿ ಕೆಳಗಿನ ಅಂಗಡಿಗೆ ಓಡಿದಳು. ನಾನು ಮದರ್‌ಬೋರ್ಡಿನ ಗುಂಡು ಬ್ಯಾಟರಿ ಕಿತ್ತೆ. ಐದು ನಿಮಿಷ ಕಾದು ಮತ್ತೆ ಕೂರಿಸಿದರೆ ಬೋರ್ಡು ನನ್ನ ಪಥ್ಯವನ್ನೆಲ್ಲ ಮರೆತುಬಿಡುತ್ತದೆ. ಅವಳು ಏದುಸಿರು ಬಿಡುತ್ತ ಬಂದು ಹೊಸ ಹಸಿರು ಪೊಟ್ಟಣ ಇಟ್ಟದ್ದೂ ನಾನು ಗುಂಡಿ ಒತ್ತಿದ್ದೂ ಒಂದೇ ಗಳಿಗೆ.

ಪರದೆ ಬೆಳಗಿತು! ವಿಡಿಯೊ ಕ್ಷೇಮ, ಪೂರ್ತಿ ತಯಾರಾಗಲು ಇನ್ನು ನಲವತ್ತು ನಿಮಿಷ. ಗಂಟೆ ಆಗಲೇ ಐದು.

"ನೋಡಿದ್ಯಾ?" ಎಂದಳು.

"ಏನು ನೋಡೋದು? ಬ್ಯಾಟರಿ ಕಿತ್ತಿದ್ದಕ್ಕೆ ಬದುಕ್ತು! ಪೊಟ್ಟಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ!"

"ಹೌದಾ, ಇಂಜಿನಿಯರ್ ಸಾಹೇಬ್ರೇ? ಹಾಗಿದ್ರೆ ಈಗ ತೆಗಿ ಅದನ್ನ. ಅದಿಲ್ದೇನೇ ವಿಡಿಯೊ ಮುಗೀಲಿ."

ಎದೆಯುಬ್ಬಿಸಿ ಕೈ ಚಾಚಿದೆ. ಪರದೆಯಲ್ಲಿ ಮಾವನವರು ನಗುತ್ತ ಪುಟ್ಟ ಮಗಳನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದರು. ಬೆರಳು ಪೊಟ್ಟಣಕ್ಕೆ ಒಂದಂಗುಲ ದೂರದಲ್ಲಿ ನಿಂತುಹೋಯಿತು.

"ತೆಗೀತೀನಿ! ನಂಗೇನು ಭಯನಾ? ವಿಜ್ಞಾನದ ಪ್ರಕಾರ..."

"ಹ್ಞೂಂ, ಪ್ರಕಾರ?"

ಪೊಟ್ಟಣ ಕೊಂಚ ಸೊಟ್ಟಗೆ ಕೂತಿತ್ತು. ಎರಡೂ ಕೈಯಿಂದ ಅದನ್ನು ನೆಟ್ಟಗೆ ಕೂರಿಸಿ, ಅಂಗಿಗೆ ಇಸ್ತ್ರಿ ಹಾಕಲು ಒಳಗೆ ಹೊರಟುಹೋದೆ.