ವೆನಿಸ್ಸಿನ ಫೆರಿಯಲ್ಲಿ ಎರಡು ಪಾಸ್‌ಪೋರ್ಟು

ನಾನು ಜವಾಬ್ದಾರಿಯುಳ್ಳ ಗಂಡಸು ಎಂದು ನನಗೆ ನನ್ನ ಮೇಲೆ ಬಹಳ ಅಭಿಮಾನ. ಈ ಅಭಿಪ್ರಾಯಕ್ಕೆ ಮನೆಯಲ್ಲಿ ಬೆಂಬಲ ಕಡಿಮೆ, ಅದು ಬೇರೆ ಮಾತು. ಕುವೈತಿನಲ್ಲಿ ಒಂಬತ್ತು ವರ್ಷ ಕಳೆದವನಿಗೆ ಕಾಗದಪತ್ರವೆಂದರೆ ಪ್ರಾಣ. ನನ್ನ ಪಾಸ್‌ಪೋರ್ಟು ಶುವೈಖ್‌ನ ನಮ್ಮ ಟೈಲ್ಸ್ ಕಂಪನಿಯ ಕಪಾಟಿನಲ್ಲಿ; ನೌಕರರ ಪಾಸ್‌ಪೋರ್ಟು ಕಂಪನಿಯೇ ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಹೆಂಡತಿ ಸುಮತಿಯದು ಅಬು ಹಲೀಫಾದ ನಮ್ಮ ಫ್ಲಾಟಿನ ಕಪಾಟಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಅವಳು ಅದನ್ನು ಕೈಯಲ್ಲಿ ಹಿಡಿದದ್ದು ವಿಮಾನ ನಿಲ್ದಾಣಗಳಲ್ಲಿ ಮಾತ್ರ.

೧೯೯೦ರ ಮಾರ್ಚಿನಲ್ಲಿ ಕಂಪನಿ ಪಾಸ್‌ಪೋರ್ಟು ಕೈಗೆ ಕೊಟ್ಟು ನನ್ನನ್ನು ಟೈಲ್ಸ್ ನೋಡಿ ಬರಲು ಇಟಲಿಗೆ ಕಳಿಸಿತು. ಸುಮತಿಯನ್ನೂ ಕರೆದುಕೊಂಡು ಹೋದೆ. ಕೆಲಸ ಮುಗಿದ ಮೇಲೆ ಒಂದು ದಿನ ವೆನಿಸ್. ಅಲ್ಲಿ ಬಸ್ಸಿನ ಬದಲು ಫೆರಿ. ಸ್ಟಾಪುಗಳೆಲ್ಲ ನೀರಿನ ಮೇಲೆಯೇ. ಇಬ್ಬರ ಪಾಸ್‌ಪೋರ್ಟು, ದುಡ್ಡು, ಹೋಟೆಲಿನ ವಿಳಾಸ ಎಲ್ಲವೂ ನನ್ನ ಕೋಟಿನ ಒಳಜೇಬಿನಲ್ಲಿ. ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎದೆನೋವಾ ಎಂದು ಸುಮತಿ ಎರಡು ಸಲ ಕೇಳಿದಳು.

ಒಂದು ಸ್ಟಾಪಿನ ಹಿಂದೆ ಚರ್ಚಿನ ಗುಮ್ಮಟ ಚಂದ ಕಂಡಿತು. "ನೀನು ಇಳಿದು ನಿಲ್ಲು, ಇಲ್ಲಿಂದಲೇ ಒಂದು ಫೋಟೋ ತೆಗೆದು ಬರ್ತೇನೆ" ಎಂದೆ. ನಮ್ಮೂರ ಕಡವಿನಲ್ಲಿ ಕೊನೆಯ ಹೆಂಗಸಿನ ಬುಟ್ಟಿ ಇಳಿಯುವ ತನಕ ದೋಣಿಯವನು ಕಾಯುತ್ತಿದ್ದ. ದೋಣಿ ಎಂದರೆ ಕಾಯುತ್ತದೆ ಎಂದೇ ನನ್ನ ತಿಳುವಳಿಕೆ. ಕ್ಯಾಮೆರಾದೊಳಗೆ ಸುಮತಿ ಸಣ್ಣಗಾಗುತ್ತಾ ಹೋದಾಗಲೇ ಫೆರಿ ಹೊರಟದ್ದು ಗೊತ್ತಾಯಿತು. "ಖಲಾಸ್! ಖಲಾಸ್! ನಿಲ್ಲಿಸಿ ಭಾಯಿ!" ಎಂದು ಕೂಗಿದೆ. ಖಲಾಸ್ ಎಂದರೆ ಅರಬ್ಬಿಯಲ್ಲಿ ಸಾಕು ಎಂದು; ಇಟಲಿಯವರಿಗೆ ನಮ್ಮ ಕುವೈತಿನ ಭಾಷೆ ಬಾರದು ಎಂಬುದು ಆಮೇಲೆ ಹೊಳೆಯಿತು.

ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ಫೆರಿ ಹಿಡಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಕೈಯಲ್ಲಿ ಒಂದು ಕಾಗದವೂ ಇಲ್ಲದ ಹೆಂಡತಿಯನ್ನು ಪೊಲೀಸರು ಕರೆದೊಯ್ದಿರಬೇಕು, ಅವಳು ಅಳುತ್ತಿರಬೇಕು ಎಂದುಕೊಂಡು ನಾನೇ ಅಳುವಂತಾಗಿದ್ದೆ. ನಿಜಕ್ಕೂ ಹೆದರಿದ್ದೆ. ಬಂದು ನೋಡಿದರೆ ಸುಮತಿ ಬೆಂಚಿನ ಮೇಲೆ ಒಬ್ಬ ಇಟಲಿ ಅಜ್ಜಿಯ ಪಕ್ಕ ಕೂತು ಆಕೆಗೆ ಚಕ್ಕುಲಿ ತಿನ್ನಿಸುತ್ತಿದ್ದಳು.

"ಎಂತ ಮಾರಾಯ್ರೆ, ಇಷ್ಟು ಬೆವರಿದ್ದೀರಿ?"

"ನೀನು ಕಳೆದುಹೋದೆ ಅಂತ..."

"ನಾನು ಇದ್ದಲ್ಲೇ ಇದ್ದೇನಲ್ಲ. ಕಳೆದುಹೋದದ್ದು ನೀವು." ಸುಮತಿ ಕೈ ಚಾಚಿದಳು. "ಪಾಸ್‌ಪೋರ್ಟ್ ಕೊಡಿ. ಒಂದಲ್ಲ, ಎರಡೂ."

ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಕುವೈತಿಗೆ ಮರಳಿದ ಮರುದಿನ ಆಫೀಸಿನಲ್ಲಿ ಮ್ಯಾನೇಜರು ಪಾಸ್‌ಪೋರ್ಟ್ ವಾಪಸ್ ಕೇಳಿದರು. "ಒಂದು ನಿಮಿಷ ಸಾರ್" ಎಂದು ಮನೆಗೆ ಫೋನ್ ಮಾಡಿದೆ.

"ಅವರಿಗೆ ಎಷ್ಟು ದಿನಕ್ಕೆ ಬೇಕಂತೆ?" ಎಂದು ಸುಮತಿ ಕೇಳಿದಳು.