ಡಿಪೋಗೆ ಹೋಗುವ ಕಪ್ಪು-ಬಿಳುಪಿನ ಹೂ

ಬೆಳಿಗ್ಗೆ ಎದ್ದು ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಪಾತ್ರೆಗೆ ಸುರಿದೆ. ಬಾಗಿಲಿಗೆ ನೀರು ಹಾಕಿ, ಎಳೆರಂಗೋಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಹಾಲು ಉಕ್ಕುವ ಯೋಚನೆಯಲ್ಲಿತ್ತು. ಉರಿ ಸಣ್ಣದು ಮಾಡಿ ಅದರ ಮನಸ್ಸು ಬದಲಾಯಿಸಿದೆ. ಒಗ್ಗರಣೆ ಮಂಡಕ್ಕಿಗೆಂದು ಈರುಳ್ಳಿ ಹೆಚ್ಚುತ್ತ ಕಿಟಕಿಯಾಚೆ ನೋಡಿದರೆ, ಪಕ್ಕದಲ್ಲೇ ಇರುವ ತಮ್ಮ ಮನೆಯ ತಾರಸಿಯ ಮೇಲೆ ನಮ್ಮ ಭಾವನವರು ನೀರಿನ ಟ್ಯಾಂಕಿನ ಮರೆಯಲ್ಲಿ ಮೊಬೈಲು ಹಿಡಿದು ನಿಂತಿದ್ದರು. ಎಲ್ಲವೂ ದಿನದಂತೆಯೇ ಇತ್ತು. ಅಂದರೆ, ಸಂಶಯಕ್ಕೆ ಬೇಕಾದವೆಲ್ಲ ತಂತಮ್ಮ ಜಾಗದಲ್ಲೇ ಇದ್ದವು.

ನಮ್ಮ ಭಾವನವರು ಕಳ್ಳರು ಎಂದರೆ ನೀವು ನಂಬುತ್ತೀರಾ? ಹೂ ಕದಿಯುವವರು ನಮ್ಮ ಹೊನ್ನಾಳಿಯ ಪ್ರತಿ ಬೀದಿಯಲ್ಲೂ ಇದ್ದಾರೆ. ದೇವರ ಹೆಸರು ಹೇಳಿಕೊಂಡು ಕಂಡವರ ಕಾಂಪೌಂಡಿನ ದಾಸವಾಳಕ್ಕೆ ಕೈ ಹಾಕುವವರು. ಭಾವನವರು ಅಂಥ ಸಣ್ಣ ಕೆಲಸಕ್ಕೆ ಇಳಿಯುವವರಲ್ಲ. ಅವರು ಹೂವನ್ನು ಗಿಡದಲ್ಲೇ ಬಿಟ್ಟು ಅದರ ಬಣ್ಣವನ್ನು ಮಾತ್ರ ತೆಗೆಯುತ್ತಾರೆ!

ನನ್ನ ಯಜಮಾನರ ಅಣ್ಣ ಅವರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ಆಯುಷ್ಯ ಸವೆಸಿದವರು. ನಿವೃತ್ತಿಯಾದ ಮೇಲೂ, ಕುರ್ಚಿ ಖಾಲಿ ಬಿದ್ದಿದ್ದರೂ, ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಕಾಫಿ ಕುಡಿಯುತ್ತಾರೆ. ಮಕ್ಕಳು ಒಳ್ಳೆಯ ಮೊಬೈಲು ಕೊಡಿಸಿದ ಮೇಲೆ ಹೂವಿನ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಹಿಡಿಯಲಿ, ಒಳ್ಳೆಯ ಹುಚ್ಚು ಎಂದುಕೊಂಡೆವು. ಆದರೆ ಒಂದು ದಿನ ಹಳದಿ ಸೇವಂತಿಗೆಯ ಫೋಟೋ ಹಿಡಿದುಕೊಂಡು ನನ್ನ ಅಡುಗೆಮನೆಗೇ ಬಂದರು.

"ಅಮ್ಮಾ, ನೀನು ಕಾನ್ವೆಂಟಿನಾಗೆ ಓದಿದೋಳು. ಇದರಾಗಿನ ಬಣ್ಣ ತೆಗೆಯಾಕೆ ಬರುತ್ತೇನು ನೋಡು."

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಬಿಳಿ ಯೂನಿಫಾರ್ಮಿನ ಮೇಲಿನ ಶಾಯಿ ಕಲೆ ತೆಗೆಯುವುದನ್ನು ಕಲಿಸಿದ್ದರೇ ಹೊರತು ಹೂವಿನ ಬಣ್ಣ ತೆಗೆಯುವುದನ್ನಲ್ಲ. ಆದರೂ ಹುಡುಕಿ, ಒತ್ತಿ ತೋರಿಸಿದೆ. ಅಷ್ಟು ಚೆಂದದ ಹಳದಿ ನೋಡನೋಡುತ್ತಿದ್ದಂತೆ ಬೂದಿಯಾಯಿತು. ಭಾವನವರ ಮುಖ ಮಾತ್ರ ಲಾಸ್ಟ್ ಬಸ್ಸು ಸಿಕ್ಕವರ ಹಾಗೆ ಅರಳಿತು.

ಯಾಕೆ ಭಾವ, ಎಂದು ಕೇಳಿದ್ದಕ್ಕೆ ಬಣ್ಣ ತೆಗೆದರೆ ಮೊಬೈಲಿನಲ್ಲಿ ಜಾಗ ಉಳಿಯುತ್ತದೆ ಎಂದರು. ಅದೇ ಪ್ರಶ್ನೆಯನ್ನು ನನ್ನ ಯಜಮಾನರು ಕೇಳಿದಾಗ ಹಳೇ ಕಾಲದ ಫೋಟೋಗಿರುವ ಗತ್ತೇ ಬೇರೆ ಎಂದರಂತೆ. ಭಾವನವರ ಹೆಂಡತಿ, ಅಂದರೆ ನಾನು ಅಕ್ಕ ಎಂದು ಕರೆಯುವ ನನ್ನ ಓರಗಿತ್ತಿ ಕೇಳಿದಾಗ, ಬಣ್ಣ ನೋಡಿದರೆ ಕಣ್ಣು ಉರಿಯುತ್ತದೆ ಎಂದರಂತೆ. ಒಂದು ಕಾರಣ ಹೇಳಿದವರನ್ನು ನಂಬಬಹುದು. ಮೂವರಿಗೆ ಮೂರು ಕಾರಣ ಹೇಳಿದವರನ್ನು?

ಅಕ್ಕನಂತೂ ನಂಬಲಿಲ್ಲ. ಯಾಕೆಂದರೆ ಅವರು ಇನ್ನೊಂದು ಸಂಗತಿ ಕಂಡಿದ್ದರು. ಆ ಫೋಟೋಗಳು ನಮ್ಮ ಮನೆಯ ಗ್ರೂಪಿಗೆ ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಟ್ಯಾಂಕಿನ ಮರೆಯಿಂದ ಒಂದೇ ಒಂದು ಹೂ ಯಾರಿಗೋ ಹೋಗುತ್ತಿತ್ತು. ಕಳಿಸಿದ ಮೇಲೆ ಭಾವನವರು ಮೊಬೈಲನ್ನು ಎದೆಗೆ ಒತ್ತಿಕೊಂಡು ಕಾಯುತ್ತಿದ್ದರು. ಆಚೆಯವರು ನೋಡಿದ ನೀಲಿ ಗುರುತು ಬಂದ ಮೇಲೇ ಕೆಳಗಿಳಿದು ತಿಂಡಿ ತಿನ್ನುತ್ತಿದ್ದರು.

"ಮದುವೆ ಆದಾಗಿಂದ ನನಗೊಂದು ಮೊಳ ಮಲ್ಲಿಗೆ ತಂದ ಮನುಷ್ಯ ಅಲ್ಲ," ಎಂದರು ಅಕ್ಕ ಒಮ್ಮೆ ನನ್ನ ಮುಂದೆ, ಸೊಪ್ಪು ಬಿಡಿಸುತ್ತ. "ಈಗ ಯಾವೋಳಿಗೋ ದಿನಾ ಹೂ ಹೋಗ್ತಾ ಐತೆ. ನಾನು ಕಣ್ಣು ಮುಚ್ಕಂಡು ಎಷ್ಟು ದಿನ ಇರ್ಲಿ ಹೇಳು."

ನಗುತ್ತ ಹೇಳಿದ ಮಾತಲ್ಲ ಅದು. ಸೊಪ್ಪಿನ ದಂಟು ಬುಟ್ಟಿಗೆ, ಎಲೆ ಕಸಕ್ಕೆ ಹೋಗುತ್ತಿದ್ದುದನ್ನು ನಾನು ನೋಡಿದೆ. ಇಷ್ಟು ವರ್ಷದ ಸಂಸಾರ ಅವರ ಕೈಯಲ್ಲಿ ಹಾಗೆ ಅದಲುಬದಲಾಗುತ್ತಿತ್ತು.

ಅಂದಿನಿಂದ ನಾನೂ ಭಾವನವರ ಮೇಲೆ ಕಣ್ಣಿಟ್ಟೆ. ಕಂಡಿದ್ದೆಲ್ಲ ಸಂಶಯವನ್ನು ಬೆಳೆಸುವಂಥದ್ದೇ! ಬಸ್ ಸ್ಟ್ಯಾಂಡಿನ ಹೂವಿನವಳ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೆಂಪು ಗುಲಾಬಿಯ ಫೋಟೋ ತೆಗೆದು, ಅಲ್ಲೇ ಬಣ್ಣ ಕಳೆದು, ಹೆಂಗೈತೆ ಎಂದು ಅವಳಿಗೇ ತೋರಿಸಿದರು. ಕೆಂಪೆಲ್ಲ ಕರ್ರಗಾಗಿತ್ತು. ಅವಳು ಮೊಬೈಲನ್ನೂ ಬುಟ್ಟಿಯನ್ನೂ ಎರಡೆರಡು ಸಲ ನೋಡಿ, ಬೋಣಿಗೆ ಹೊತ್ತಿನಾಗೆ ನನ್ನ ಹೂ ಸುಟ್ಟು ಕೂತೀರಲ್ರೀ ಯಜಮಾನ್ರೇ ಎಂದು ನೀರು ಚಿಮುಕಿಸಿದಳು. ಹೂವಿಗಲ್ಲ, ಭಾವನವರಿಗೆ.

ಚನ್ನಗಿರಿ ಕಡೆ ಉಬ್ರಾಣಿಗೆ ಹೋದಾಗ ಒಬ್ಬರ ಚೆಂಡುಹೂವಿನ ಹೊಲಕ್ಕೆ ನುಗ್ಗಿದರಂತೆ. ಪ್ಯಾಂಟು, ಇನ್‌ಶರ್ಟು, ಕೈಯಲ್ಲಿ ಮೊಬೈಲು. ಬೆಳೆ ಸಮೀಕ್ಷೆಗೆ ಬಂದ ಸಾಹೇಬರೇ ಇರಬೇಕೆಂದು ಹೊಲದವರು ಎಳನೀರು ಕೆತ್ತಿ ಕೊಟ್ಟರು. ಕುಡಿದು ಮುಗಿಸಿದ ಭಾವನವರು ಉಪಕಾರಕ್ಕೆಂದು ಫೋಟೋ ತೋರಿಸಿದರು. ಹೊಲದವರು ತುಂಬ ಹೊತ್ತು ನೋಡಿದರಂತೆ. ಆಮೇಲೆ ದನಿ ತಗ್ಗಿಸಿ, "ಸಾರ್, ಇದರಾಗೆ ನಮ್ಮ ಬೆಳೆಗೆ ಭಾರಿ ರೋಗ ಬಡಿದಂಗೆ ಕಾಣ್ತೈತೆ. ಇದನ್ನೇ ಆಫೀಸಿಗೆ ಹಾಕ್ರಿ, ಪರಿಹಾರ ಬಂದ್ರೂ ಬರಬಹುದು" ಎಂದರಂತೆ!

ನ್ಯಾಮತಿಯ ಗೃಹಪ್ರವೇಶದಲ್ಲಿ ನಡೆದದ್ದಕ್ಕೆ ನಾನೇ ಸಾಕ್ಷಿ. ಬಾಗಿಲಿಗೆ ಬಿಟ್ಟಿದ್ದ ಹೂವಿನ ಹಾರದ ಫೋಟೋ ತೆಗೆದು, ಬಣ್ಣ ಕಳೆದು, ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಹಣ್ಣು ಹಣ್ಣು ಅಜ್ಜಿಯೊಬ್ಬರಿಗೆ ತೋರಿಸಿದರು. ನಮ್ಮ ಕಡೆ ಕಪ್ಪು-ಬಿಳುಪು ಫೋಟೋ ಎಂದರೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡವರದ್ದೇ ತಾನೇ? ಅಜ್ಜಿ ಹೋಳಿಗೆ ಕೆಳಗಿಟ್ಟರು. "ಹಾರ ಕಾಣ್ತೈತೆ, ಮುಖ ಕಾಣ್ತಿಲ್ಲ. ಯಾರಪ್ಪಾ ಹೋಗಿದ್ದು?" ಎಂದು ಸೆರಗನ್ನು ಕಣ್ಣಿಗೊತ್ತಿಕೊಂಡರು. ಯಾರೂ ಹೋಗಿಲ್ಲ ಎಂದು ಎಲ್ಲರೂ ಸೇರಿ ಒಪ್ಪಿಸುವಷ್ಟರಲ್ಲಿ ತುಪ್ಪ ಬಡಿಸುವವರು ಮುಂದಿನ ಪಂಕ್ತಿಗೆ ಹೋಗಿಬಿಟ್ಟಿದ್ದರು.

ಇಷ್ಟೆಲ್ಲ ಅವಮಾನ ನುಂಗಿಕೊಂಡು ಒಬ್ಬ ಮನುಷ್ಯ ದಿನಾ ಹೂವಿನ ಬಣ್ಣ ತೆಗೆಯುತ್ತಾನೆ ಎಂದರೆ, ಅದು ಬರೀ ಹವ್ಯಾಸವಾಗಿರಲು ಸಾಧ್ಯವೇ? ನೀವೇ ಹೇಳಿ.

ಸರಿ, ಆ ಬೆಳಿಗ್ಗೆಗೆ ಬರುತ್ತೇನೆ. ಮಂಡಕ್ಕಿಗೆ ಇನ್ನೂ ಕೊತ್ತಂಬರಿ ಹಾಕಿರಲಿಲ್ಲ, ಅಕ್ಕ ಹಿತ್ತಿಲ ಬಾಗಿಲಿನಿಂದ ಬಂದರು. ಭಾವನವರು ಸ್ನಾನಕ್ಕೆ ಹೋಗಿದ್ದರು. ಮರೆತು ಬಿಟ್ಟಿದ್ದ ಅವರ ಮೊಬೈಲು ಅಕ್ಕನ ಕೈಯಲ್ಲಿತ್ತು. ಬೇರೆಯವರ ಪತ್ರ ಓದಬಾರದು ಎಂದು ಸಿಸ್ಟರ್ ಹೇಳಿಕೊಟ್ಟಿದ್ದು ನನಗೆ ಚೆನ್ನಾಗಿಯೇ ನೆನಪಾಯಿತು. ಆದರೆ ಬೀಗ ಹಾಕಿದ ಮೊಬೈಲಿನ ಮೇಲೆ ತಾನೇ ಮೂಡಿ ನಿಂತ ಮಾತನ್ನು ಓದದಿರುವುದು ಹೇಗೆ? "ಇದು ಯಾವ ಬಣ್ಣದ್ದು?" ಎಂದಿತ್ತು. ಕಳಿಸಿದವರ ಹೆಸರಿನ ಜಾಗದಲ್ಲಿ "ಡಿಪೋ" ಎಂದಿತ್ತು.

"ಡಿಪೋದಾಗೆ ಹೂವಿನ ಬಣ್ಣ ಕೇಳೋರು ಯಾರೇ?" ಎಂದರು ಅಕ್ಕ. ದನಿ ಏರಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು.

ಟೈಮ್ ಕೀಪರ್ ಇರಬಹುದು, ಎಂದೆ. ಹೇಳುವಾಗಲೇ ಖಾಕಿ ಅಂಗಿಯ ಟೈಮ್ ಕೀಪರ್ ಒಬ್ಬರು ಸೇವಂತಿಗೆ ನೋಡಿ ನಿಟ್ಟುಸಿರು ಬಿಡುವ ಚಿತ್ರ ಕಣ್ಣ ಮುಂದೆ ಬಂದು, ನನಗೇ ನಂಬಿಕೆ ಹೋಯಿತು.

ಅಕ್ಕ ಜಗಳವಾಡಲಿಲ್ಲ. ಮೊಬೈಲನ್ನು ಇದ್ದಲ್ಲೇ ಇಟ್ಟು ಬಂದು, ಜಗಳೂರಿನಲ್ಲಿರುವ ತಮ್ಮ ಒಡಹುಟ್ಟಿದ ಅಕ್ಕನ ಮನೆಗೆ ಹೊರಟರು. ಚೀಲಕ್ಕೆ ತುಂಬಿದ ಸೀರೆಗಳನ್ನು ನೋಡಿದರೆ ಎರಡು ದಿನಕ್ಕೆ ಹೊರಟವರ ಹಾಗೆ ಕಾಣಲಿಲ್ಲ. ನೀನೂ ಬಾ, ನನ್ನೊಬ್ಬಳ ಕೈಲಿ ಹೇಳಾಕೆ ಆಗಲ್ಲ ಎಂದು ನನ್ನನ್ನೂ ಕರೆದರು. ವಿಷಯ ಕೇಳಿ ಭಾವನವರು ತಲೆ ಒರೆಸುವುದನ್ನು ನಿಲ್ಲಿಸಿದರು. ಮುಖದಲ್ಲಿ ರಕ್ತವೇ ಇರಲಿಲ್ಲ. ತಾವೇ ಕಪ್ಪು-ಬಿಳುಪಾಗಿದ್ದರು!

"ಜಗಳೂರಿಗಾ? ಇವತ್ತೇ ಯಾಕೆ? ಬರೋ ವಾರ ಹೋದ್ರಾತು ಬಿಡು."

ಅಷ್ಟೇ ಸಾಕಾಯಿತು. ಅಕ್ಕ ಚಪ್ಪಲಿ ಮೆಟ್ಟಿದರು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ, ಮೆಕ್ಕೆಜೋಳದ ಹೊಲಗಳನ್ನು ದಾಟಿ ಹೋಗುವವರೆಗೂ ಅಕ್ಕ ಭಾವನವರ ಜೊತೆ ಕೆಲಸ ಮಾಡಿದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಸಿಕೊಂಡು, ತೂಗಿ, ಇವಳಲ್ಲ ಎಂದು ಕೆಳಗಿಳಿಸುತ್ತಿದ್ದರು. ಜಗಳೂರು ಹತ್ತಿರವಾದಾಗ ಮಾತು ನಿಂತಿತು. ಮುಡಿದಿದ್ದ ಮಲ್ಲಿಗೆಯನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಚೀಲದ ಅಡಿಗೆ ತಳ್ಳಿದರು. ನಾನೂ ನನ್ನದನ್ನು ತೆಗೆದೆ. ಅಲ್ಲಿಗೆ ಹೋಗುವಾಗ ನಾವೆಲ್ಲ ಹಾಗೆಯೇ ಮಾಡುವುದು. ನಾನು ಜಗಳೂರಕ್ಕ ಎನ್ನುವ ಆ ದೊಡ್ಡಕ್ಕನ ಯಜಮಾನರು ತೀರಿಕೊಂಡು ವರ್ಷ ದಾಟಿದೆ. ಒಂದು ಕಾಲಕ್ಕೆ ಅವರ ಅಂಗಳದ ಹೂ ಬೀದಿಯ ಹೆಣ್ಣುಮಕ್ಕಳ ಜಡೆಗೆಲ್ಲ ಸಾಲುತ್ತಿತ್ತು. ಈಗ ಅಂಗಳದಲ್ಲಿ ತುಳಸಿಯೊಂದು ಬಿಟ್ಟರೆ ಬರೀ ನೆಲ. ಅವರ ಕಣ್ಣೆದುರು ನಾವು ಮುಡಿದುಕೊಂಡು ಹೋಗುವುದು ಹೇಗೆ?

ಜಗಳೂರಕ್ಕ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಊಟವಾದ ಮೇಲೆ ಮೊರದಲ್ಲಿ ಶೇಂಗಾ ಸುರಿದುಕೊಂಡು ಬಿಡಿಸಲು ಕೂತರು. ಅಕ್ಕ ಟ್ಯಾಂಕಿನ ಮರೆಯಿಂದ ಶುರುಮಾಡಿ ಎಲ್ಲವನ್ನೂ ಹೇಳಿಕೊಂಡರು. ನಡುನಡುವೆ ಸಾಕ್ಷಿ ಹೇಳುವುದು ನನ್ನ ಕೆಲಸ. ಇನ್ನು ಆ ಮನೆಗೆ ಕಾಲಿಡುವುದಿಲ್ಲ ಎಂದು ಮುಗಿಸಿದರು. ಡಿಪೋ ಎಂಬ ಮಾತು ಬಂದಾಗ ಶೇಂಗಾ ಒಡೆಯುವ ಸದ್ದು ನಿಂತದ್ದನ್ನು ನಾನು ಗಮನಿಸಿದೆ.

ಜಗಳೂರಕ್ಕ ಎದ್ದು ಒಳಗೆ ಹೋಗಿ ತಮ್ಮ ಮೊಬೈಲು ತಂದು ಅಕ್ಕನ ಮಡಿಲಿಗೆ ಹಾಕಿದರು.

"ಡಿಪೋ ಅಂದ್ರೆ ನಾನೇ ಕಣೇ."

ಅಕ್ಕ ಬೆರಳಿನಿಂದ ಸರಿಸುತ್ತ ಹೋದರು. ಸೇವಂತಿಗೆ, ಗುಲಾಬಿ, ಚೆಂಡುಹೂ, ನ್ಯಾಮತಿಯ ಹಾರ. ಒಂದಕ್ಕೂ ಬಣ್ಣವಿಲ್ಲ. ಎಲ್ಲಕ್ಕಿಂತ ಮೇಲೆ, ಮೊಟ್ಟಮೊದಲು ಬಂದದ್ದು ಮಾತ್ರ ಹಳದಿ. ಅದರ ಕೆಳಗೆ ಜಗಳೂರಕ್ಕನ ಉತ್ತರ: ಬಣ್ಣದ ಹೂ ನನಗ್ಯಾಕೆ, ನೋಡಿದೋರು ಏನಂತಾರೆ. ಮರುದಿನ ಅದೇ ಹೂ ಬೂದಿಬಣ್ಣದಲ್ಲಿ ಬಂದಿತ್ತು. ಜೊತೆಗೆ ಭಾವನವರ ಒಂದು ಸಾಲು: ಈಗ ಯಾರು ಏನಂತಾರೆ ನೋಡೋಣ.

ಜಗಳೂರಕ್ಕ ಮತ್ತೆ ಮೊರದ ಮುಂದೆ ಕೂತು, ನಮ್ಮ ಮುಖ ನೋಡದೆ ಹೇಳಿದರು. ವರ್ಷದ ತಿಥಿಗೆ ಬಂದಾಗ ಭಾವನವರು ಜಗುಲಿಯ ಮೇಲೆ ನಿಂತಿದ್ದರಂತೆ. ಬೀದಿಯಲ್ಲಿ ಹೂವಿನವಳು ಕೂಗುತ್ತ ಬಂದಳು. ಈ ಮನೆಯ ಮುಂದೆ ಬಾಯಿ ಮುಚ್ಚಿಕೊಂಡು ದಾಟಿ, ಆಚೆ ಮನೆಯ ಹತ್ತಿರ ಮತ್ತೆ ಕೂಗಿದಳು. ದಿನಾ ಹಿಂಗೇನಾ, ಎಂದು ಕೇಳಿದರಂತೆ ಭಾವನವರು. ಹೂಂ ಎಂದರಂತೆ ಇವರು. ಅಷ್ಟೇ ಮಾತು.

"ನನಗೆ ಒಂದು ಮಾತು ಹೇಳಬಾರದಿತ್ತಾ, ಅಕ್ಕಾ?" ಎಂದರು ನಮ್ಮ ಅಕ್ಕ.

"ನಾನೇ ಬ್ಯಾಡ ಅಂದೆ, ಮೊಬೈಲಿನಾಗೆ ಹೆಸರೂ ಡಿಪೋ ಅಂತ ಹಾಕ್ಕಳ್ರಿ ಅಂದೆ. ಅತ್ತಿಗೆ ಅಂದ್ರೂನೂ ಗಂಡ ಸತ್ತೋಳಿಗೆ ಹೂ ಕಳಿಸ್ತಾನೆ ಅಂತ ಜನ ಆಡ್ಕಂಬಿಟ್ರೆ? ಮತ್ತೆ ನಿನಗೆ ಹೇಳಿದ್ರೆ ನೀನು ಅಳ್ತಾ ಕೂರ್ತೀಯ. ಬಂದಾಗೆಲ್ಲ ತಲ್ಯಾಗಿನ ಹೂ ತೆಗೆದು ಚೀಲಕ್ಕೆ ಹಾಕ್ಕಂಡು ಬರ್ತೀಯಲ್ಲ, ನನಗೆ ವಾಸನೆ ಬರಲ್ವೇನೇ?"

ಭಾವನವರಿಗೆ ಜಗಳೂರಕ್ಕ ಹೆಂಡತಿಯ ಅಕ್ಕ. ಆದರೆ ಊರು ಆಡಿಕೊಳ್ಳುವಾಗ ವಾವೆ, ಸಂಬಂಧ ನೋಡುವುದಿಲ್ಲ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಅಕ್ಕ ಚೀಲದ ಸೀರೆಗಳನ್ನೆಲ್ಲ ಆಚೆ ತೆಗೆದು, ಅಡಿಯಲ್ಲಿದ್ದ ಕರವಸ್ತ್ರ ಬಿಚ್ಚಿ, ಬಾಡಿದ ಮಲ್ಲಿಗೆಯನ್ನು ಜಗಳೂರಕ್ಕನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತರು. ಜಗಳೂರಕ್ಕ ಕೈ ಹಿಂದಕ್ಕೆ ಎಳೆದುಕೊಂಡರು. ನಾನು ಮುಡಿಸಬಾರದು ಎಂದರು. ಅಕ್ಕ ಕದಲಲಿಲ್ಲ. ಬೆನ್ನು ಕೊಟ್ಟೇ ಕೂತಿದ್ದರು. ಕೊನೆಗೆ ಅಕ್ಕನ ಜಡೆಯ ಬುಡದಲ್ಲಿ ಜಗಳೂರಕ್ಕನ ಬೆರಳುಗಳು ಆಡಿದವು. ನಾನು ಸುಮ್ಮನೆ ಮೊರ ಎಳೆದುಕೊಂಡು ಶೇಂಗಾ ಬಿಡಿಸತೊಡಗಿದೆ. ಕಾಳು ಯಾವುದು, ಸಿಪ್ಪೆ ಯಾವುದು, ನನಗೂ ಕಾಣುತ್ತಿರಲಿಲ್ಲ.

ಆಮೇಲೆ ಅಕ್ಕ ಹೊನ್ನಾಳಿಗೆ ಫೋನು ಮಾಡಿದರು. ಒಂದೇ ರಿಂಗಿಗೆ ಎತ್ತಿದ ಭಾವನವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, "ಡಿಪೋದಾಗೆ ಎಲ್ಲ ಆರಾಮಾ?" ಎಂದರು.

"ಆರಾಮ ಐತೆ," ಎಂದರು ಅಕ್ಕ. "ಸಾರು ಫ್ರಿಜ್ಜಿನಾಗೆ ಐತೆ, ಬಿಸಿ ಮಾಡ್ಕಳ್ರಿ. ನಾಳೆ ಬರ್ತೀನಿ."

ಅಷ್ಟಾದರೂ ನನ್ನ ಸಂಶಯದ ಬುದ್ಧಿ ಸುಮ್ಮನಿರಬೇಕಲ್ಲ! ಬಣ್ಣ ಬೇಡ ಎಂದವರು ಇವತ್ತು ಬೆಳಿಗ್ಗೆ ಯಾವ ಬಣ್ಣದ್ದು ಎಂದು ಕೇಳಿದ್ದು ಯಾಕೆ? ಮೆಲ್ಲಗೆ ಕೇಳಿಯೇಬಿಟ್ಟೆ. ಸುಮ್ನೆ ಕೇಳಿದ್ದು, ಇವತ್ತಿನ ಸೇವಂತಿಗೆ ಹಳದಿ ಅಂದ್ರು ನಿಮ್ಮ ಭಾವ, ಎಂದು ಜಗಳೂರಕ್ಕ ಕಾಫಿಗೆ ನೀರಿಡಲು ಎದ್ದು ಹೋದರು.

ಸಂಜೆ ಮೂವರೂ ಜಗುಲಿಯ ಮೇಲೆ ಕೂತಿದ್ದೆವು. ಬಸ್ಸಿಳಿದು ಮನೆಗೆ ಹೋಗುತ್ತಿದ್ದ ಎದುರುಮನೆಯಾಕೆ ನಮ್ಮ ಮುಂದೆ ಒಂದು ಗಳಿಗೆ ನಿಂತು, ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಜಗುಲಿಯ ಅಂಚಿಗಿಟ್ಟರು. ಚೀಲದ ಬಾಯಲ್ಲಿ ಹಸಿಮಣ್ಣು ಮೆತ್ತಿದ ಎಲೆಗಳಿದ್ದವು.

"ಬೆಳಿಗ್ಗೆ ಹೇಳಿದ್ರಲ್ಲ ಅಕ್ಕಾರೆ, ಸೇವಂತಿಗೆ ಸಸಿ. ನರ್ಸರಿಯಾಗೆ ಹಳದೀವು ಖಾಲಿ ಆಗಿದ್ವು, ಕೆಂಪುವೇ ತಂದೀನಿ. ನಡೀತಾವಲ್ಲ?"