ಕಿತ್ತಳೆ ಮೊಲದ ಮಹಿಮೆ

ಕ್ರೋಶ ಕಡ್ಡಿಯಲ್ಲಿ ಮೊಲದ ಮುಖದ ಪುಟ್ಟ ಚೀಲ ಹೆಣೆಯುವುದು ಮಕ್ಕಳಾಟದಷ್ಟು ಸುಲಭ. ಇದು ನನ್ನ ಮಾತಲ್ಲ. ಮೊಬೈಲಿನ ವಿಡಿಯೋದಲ್ಲಿ ಒಬ್ಬ ಹುಡುಗಿ ನಗುನಗುತ್ತಾ ಹೇಳಿದ್ದು. ಇದುವರೆಗೆ ಕಡ್ಡಿಯನ್ನೇ ಮುಟ್ಟದವರು ಕೂಡ ಮಾಡಬಹುದು ಎಂದಳು. ನಾನು ಇದುವರೆಗೆ ಕಡ್ಡಿ ಮುಟ್ಟಿರಲಿಲ್ಲ. ಅಂದರೆ ಬೇಕಾದ ಅರ್ಹತೆ ಪೂರ್ತಿಯಾಗಿ ಇತ್ತು!

ಆಗ ನಾನು ಥಾಣೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು, ಆಫೀಸಿಗೆ ರಜೆ ಹಾಕಿ, ವರ್ತಕ ನಗರದ ನಮ್ಮ ಮನೆಯ ಸೋಫಾ ಹಿಡಿದಿದ್ದೆ. ತಂಗಿಯ ಮಗಳು ನಿಧಿಯ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಹುಡುಗನ ಬೆರಳಿಗೆ ಹಾಕುವ ಉಂಗುರವನ್ನು ಹುಡುಗಿಯ ಸೋದರಮಾವ ತರಬೇಕು, ಮುಹೂರ್ತಕ್ಕೆ ಸರಿಯಾಗಿ ಅವನೇ ಎತ್ತಿ ಕೊಡಬೇಕು. ಇದು ಉಡುಪಿಯಿಂದ ನಮ್ಮ ಜೊತೆ ಬಂದ ಮನೆಯ ಕ್ರಮ. ನಾನು ಆ ಸೋದರಮಾವ. ನಿಧಿಗೆ ಇರುವ ಒಬ್ಬನೇ ಮಾವ.

ಉಂಗುರ ತೋರಿಸಿದಾಗ ನಿಧಿ ಮೂತಿ ಉಬ್ಬಿಸಿದಳು. ಇಲ್ಲೇ ಹುಟ್ಟಿದ ಹುಡುಗಿ. ನಮ್ಮ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಉಂಗುರ ಮಸ್ತ್ ಹೈ ಮಾಮಾ. ಲೇಕಿನ್ ವಹೀ ಲಾಲ್ ಡಿಬ್ಬಾ? ಸಬ್ ಕಾ ವಹೀ ಹೋತಾ ಹೈ!" ಎಲ್ಲರದ್ದೂ ಅದೇ ಕೆಂಪು ಡಬ್ಬಿ ಎಂದು ಅವಳ ದೂರು.

ಚಿಕ್ಕವಳಿದ್ದಾಗ ಅವಳಿಗೆ ಮುಂದಿನ ಎರಡು ಹಲ್ಲು ದೊಡ್ಡವಾಗಿದ್ದವು. ನಾನು ಅವಳನ್ನು 'ಮೊಲ' ಎಂದೇ ಕರೆಯುತ್ತಿದ್ದೆ. ಅವಳೆಂದರೆ ನನಗೆ ಪ್ರಾಣ. ಮೊಲದ ಮುಖದ ಚೀಲದಲ್ಲಿ ಉಂಗುರ ಇಟ್ಟು, ಸಭೆಯ ನಡುವೆ ದಾರ ಎಳೆದು ತೆಗೆದುಕೊಟ್ಟರೆ ಹೇಗಿರುತ್ತದೆ! ಸೋಫಾದ ಮೇಲೆ ಕೂತೇ ಆ ದೃಶ್ಯ ನೋಡಿದೆ. ಚಪ್ಪಾಳೆ ಕೂಡ ಕೇಳಿಸಿತು.

"ನಿಮಗೆ ಶರ್ಟಿನ ಗುಂಡಿ ಹೊಲೀಲಿಕ್ಕೆ ಬರುದಿಲ್ಲ ಮಾರಾಯ್ರೆ" ಎಂದಳು ಹೆಂಡತಿ ವಾರಿಜ.

"ಗುಂಡಿ ಬೇರೆ, ಹೆಣಿಗೆ ಬೇರೆ. ನಾನು ಮಲ್ಲಿಗೆ ಕಟ್ಟಿ ಬೆಳೆದವ" ಎಂದೆ.

ಇದು ಸುಳ್ಳಲ್ಲ. ನಮ್ಮೂರಲ್ಲಿ ಮನೆಮನೆಯಲ್ಲೂ ಬೆಳಿಗ್ಗೆ ಎಲ್ಲರೂ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಬೇಕು. ನಾನು ಕಟ್ಟಿದ ಹೂವಿನ ಚೆಂಡಿನಿಂದ ಒಂದು ಮೊಗ್ಗು ಉದುರಿದ್ದಿಲ್ಲ. ಒಮ್ಮೆ ನಾನು ಹಾಕಿದ ಗಂಟನ್ನು ಮತ್ತೆ ಬಿಚ್ಚಿದವರಿಲ್ಲ. ಈ ಎರಡನೆಯ ವಾಕ್ಯದ ಮೇಲೆ ನಾನು ಅಂದೇ ಸ್ವಲ್ಪ ಯೋಚಿಸಬೇಕಿತ್ತು.

ವಾರಿಜ ಎಂದೋ ಅರ್ಧಕ್ಕೆ ಬಿಟ್ಟ ಮಫ್ಲರಿನ ಉಲ್ಲನ್ ಕಪಾಟಿನಲ್ಲಿತ್ತು. ಬಣ್ಣ ಕಡು ಕಿತ್ತಳೆ. ಕಿತ್ತಳೆ ಬಣ್ಣದ ಮೊಲ ಎಲ್ಲಿಯಾದರೂ ಉಂಟಾ ಎಂದು ಅವಳು ಕೇಳಿದಳು. ಕಲಾವಿದನಿಗೆ ಸ್ವಾತಂತ್ರ್ಯ ಇರುತ್ತದೆ ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ಕೆಲಸ ಶುರುವಾಯಿತು. ಮೊದಲು ದಾರದ ಒಂದು ಬಳೆ. ಅದರ ಸುತ್ತ ಕುಣಿಕೆಗಳು. ಪ್ರತಿ ಸುತ್ತಿನಲ್ಲೂ ಕುಣಿಕೆ ಹೆಚ್ಚಿಸುತ್ತಾ ಹೋದರೆ ಚಪ್ಪಟೆಯಾದ ತಳ ಬರುತ್ತದೆ ಎಂದಳು ವಿಡಿಯೋ ಹುಡುಗಿ. ಕೈ ಸಡಿಲ ಬಿಡಿ ಎಂದೂ ಹೇಳಿದಳು. ನನ್ನ ಕೈ ಅವಳ ಮಾತು ಕೇಳಲಿಲ್ಲ. ಅದು ಊರಿನ ಕೈ! ಕುಣಿಕೆ ಸಿಕ್ಕಿದ ಕೂಡಲೇ ಮೊಗ್ಗು ಉದುರದ ಹಾಗೆ ಬಿಗಿಯಾಗಿ ಎಳೆದುಬಿಡುತ್ತಿತ್ತು. ಮುಂದಿನ ಸುತ್ತಿನಲ್ಲಿ ಕಡ್ಡಿ ಒಳಗೇ ಹೋಗದು. ಬಲವಂತವಾಗಿ ತೂರಿಸಿದೆ. ಮತ್ತೆ ಎಳೆದೆ. ತಳ ಚಪ್ಪಟೆಯಾಗುವ ಬದಲು ಗೆರಟೆಯ ಆಕಾರ ತಾಳಿತು. ಗಟ್ಟಿಯೂ ಗೆರಟೆಯಷ್ಟೇ.

"ಇದೆಂತದ್ದು? ತೆಂಗಿನಕಾಯಿಯಾ?" ವಾರಿಜ ಅದನ್ನು ಮೇಜಿಗೆ ಕುಟ್ಟಿ ನೋಡಿದಳು. ಟಕ್ ಎಂದಿತು.

ನಾನು ಎದೆಗುಂದಲಿಲ್ಲ. ಬಾಯಿಯ ಹತ್ತಿರ ಒಂದು ಸಾಲು ತೂತು ಬಿಟ್ಟು ದಾರ ಪೋಣಿಸಿದೆ. ಎರಡು ಕಪ್ಪು ಕಣ್ಣು ಹೊಲಿದೆ. ಬಿಳಿ ದಾರದ ಎರಡು ಹಲ್ಲು ಅಂಟಿಸಿದೆ. ಅದರಲ್ಲಿ ಒಂದು ಮರುದಿನವೇ ಉದುರಿಹೋಯಿತು. ಕಿವಿಯ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪಿತು. ಮೊದಲನೆಯ ಕಿವಿಯನ್ನು ಉತ್ಸಾಹದಿಂದ ಬೆರಳಿನಷ್ಟು ಉದ್ದ ಹೆಣೆದಿದ್ದೆ. ಎರಡನೆಯದು ಮುಗಿಯುವ ಮೊದಲೇ ಉಲ್ಲನ್ ಮುಗಿಯಿತು. ಅದು ಮೊಳಕೆಯಷ್ಟೇ ಉಳಿಯಿತು. ದಾರ ಎಳೆದು ಬಾಯಿ ಮುಚ್ಚಿದರೆ ಆ ಮೊಳಕೆ ನೆರಿಗೆಯೊಳಗೆ ಅಡಗಿಕೊಳ್ಳುತ್ತಿತ್ತು. ಉದ್ದ ಕಿವಿ ಮುಂದಕ್ಕೆ ಬಾಗಿ, ಎರಡು ಕಣ್ಣುಗಳ ನಟ್ಟನಡುವೆ ಇಳಿದು, ತುದಿಯಲ್ಲಿ ಸ್ವಲ್ಪ ಸುರುಳಿಯಾಗಿ ನಿಲ್ಲುತ್ತಿತ್ತು.

ಆ ಹೊತ್ತಿಗೆ ಪಕ್ಕದ ಮನೆಯ ಮರಾಠಿ ಹೆಂಗಸು ಜೋಶಿ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದರು. ಮೇಜಿನ ಮೇಲೆ ಕಣ್ಣು ಹಾಯಿಸಿ, ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡರು.

"ಅಗ ಬಾಈ! ಕಿತಿ ಗೋಡ್ ಗಣಪತಿ ಬಾಪ್ಪಾ! ಏಕದಂತ್ ಸುದ್ಧಾ! ಅಣ್ಣಾ, ತುಮ್ಹೀ ಕೇಲಾ?"

ಎಷ್ಟು ಮುದ್ದಾದ ಗಣಪತಿ, ಒಂದೇ ದಂತವೂ ಇದೆ, ನೀವೇ ಮಾಡಿದಿರಾ ಎಂದು ಕೇಳುತ್ತಿದ್ದರು. ನಾನು ವಾರಿಜಳ ಮುಖ ನೋಡಿದೆ. ವಾರಿಜ ನನ್ನ ಮುಖ ನೋಡಿದಳು. ಕಾಕು ಆಗಲೇ ಚಪ್ಪಲಿ ಕಳಚಿ ನಮಸ್ಕಾರ ಮಾಡುತ್ತಿದ್ದರು. ಇಷ್ಟಾದ ಮೇಲೆ ಇದು ಮೊಲ ಎನ್ನುವುದು ಹೇಗೆ?

"ಹೋ, ಮೈನೇ ಹೀ" ಎಂದೆ, ವಿನಯದಿಂದ.

ನಿಶ್ಚಿತಾರ್ಥದ ಬೆಳಿಗ್ಗೆ ಉಂಗುರವನ್ನು ಚೀಲದೊಳಗೆ ಇಟ್ಟೆ. ಥಾಣೆಯಿಂದ ವಾಶಿಯ ಹಾಲ್‌ಗೆ ಲೋಕಲ್ ಟ್ರೇನು. ಗರ್ದಿಯಲ್ಲಿ ಬಾಯಿ ಸಡಿಲಾಗಿ ಉಂಗುರ ಬಿದ್ದರೆ? ಮುನ್ನೆಚ್ಚರಿಕೆಯಾಗಿ ದಾರ ಎಳೆದು ಮೇಲೊಂದು ಮಲ್ಲಿಗೆ ಗಂಟು ಹಾಕಿದೆ. ಸಮಾಧಾನವಾಗದೆ ಅದರ ಮೇಲೆ ಇನ್ನೊಂದು. ಶರ್ಟಿನ ಒಳಜೇಬಿನಲ್ಲಿಟ್ಟು ವಾಶಿ ತಲುಪುವಷ್ಟರಲ್ಲಿ ನಾನು ಬೆವರಿ ಒದ್ದೆಯಾಗಿದ್ದೆ. ಗಂಟೂ ಒದ್ದೆಯಾಗಿತ್ತು. ಒದ್ದೆ ಗಂಟು ಏನಾಗುತ್ತದೆ ಎಂದು ಮಲ್ಲಿಗೆ ಕಟ್ಟಿದವನಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ನೆನಪಾಗಬೇಕಲ್ಲ!

ಹಾಲ್‌ನಲ್ಲಿ ನಾನು ಚೀಲವನ್ನು ಹರಿವಾಣದ ಅಕ್ಕಿಯ ಮೇಲಿಟ್ಟೆ. ಹುಡುಗನ ಕಡೆಯವರು ಘಣಸೋಲಿಯವರು, ಮೂಲ ನಮ್ಮ ಕಡೆಯವರೇ. ಹುಡುಗನ ಅಜ್ಜಿ ಬಗ್ಗಿ ನೋಡಿದರು. ನಮ್ಮ ಜೊತೆಗೇ ಬಂದಿದ್ದ ಜೋಶಿ ಕಾಕು ಪಕ್ಕದಲ್ಲೇ ನಿಂತು ಅಣ್ಣನ ಕೈಚಳಕ ವರ್ಣಿಸಿದರು. ಅಜ್ಜಿ ಗಣಪತಿಗೆ ಕುಂಕುಮ ಇಟ್ಟರು, ಗರಿಕೆ ಇಟ್ಟರು.

"ಗಣಪತಿಯೇ ಉಂಗುರ ಹಿಡ್ಕೊಂಡು ಬಂದದ್ದು. ಇನ್ನು ಎಂತ ಬೇಕು?" ಎಂದು ಬಂದವರಿಗೆಲ್ಲ ತೋರಿಸಿದರು. ಬಂದವರೆಲ್ಲ ಕೈ ಮುಗಿದರು. ನಾನು ಪಕ್ಕದಲ್ಲಿ ನಿಂತು ಅದರಲ್ಲಿ ಸ್ವಲ್ಪ ಭಾಗ ನನಗೂ ಸೇರಿದ್ದು ಎಂಬಂತೆ ತಲೆಬಾಗುತ್ತಿದ್ದೆ.

"ಸೋದರಮಾವ ಉಂಗುರ ತನ್ನಿ" ಎಂದರು ಭಟ್ಟರು.

ದಾರ ಎಳೆದೆ. ಬಿಗಿಯಾಯಿತು. ಇನ್ನೊಂದು ತುದಿ ಎಳೆದೆ. ಇನ್ನೂ ಬಿಗಿಯಾಯಿತು. ಉಗುರು ಹಾಕಿದೆ, ಉಗುರು ಮುರಿಯಿತು. ಹಲ್ಲಿಗೆ ಕೊಟ್ಟೆ.

"ಅಯ್ಯೋ ದೇವರೇ! ಗಣಪತಿಗೆ ಎಂಜಲು!" ಅಜ್ಜಿ ಕೂಗಿದರು.

ತಕ್ಷಣ ಬಾಯಿಂದ ತೆಗೆದೆ. ಹುಡುಗ ಬೆರಳು ಚಾಚಿಕೊಂಡು ಕೂತಿದ್ದ. ಭಟ್ಟರು ಗಡಿಯಾರ ನೋಡಿದರು. "ರಾಹುಕಾಲ ಬರ್ತಾ ಉಂಟು. ಬೇಗ ಆಗ್ಲಿ."

ಮಂಟಪ ಅಲಂಕರಿಸಿದವರ ಹತ್ತಿರ ಕತ್ತರಿ ಸಿಕ್ಕಿತು. ವಾರಿಜ ಅದನ್ನು ನನ್ನ ಕೈಗೆ ತುರುಕಿದಳು. ನಾನು ಕತ್ತರಿ ಬಾಯಿ ತೆರೆದದ್ದೇ ತಡ, ಅಜ್ಜಿ ನನ್ನ ಮುಂಗೈ ಹಿಡಿದರು.

"ಎಂತ ಮಾಡ್ತೀರಿ ನೀವು? ಶುಭ ಕಾರ್ಯದಲ್ಲಿ ಗಣಪತಿ ಕುತ್ತಿಗೆಗೆ ಕತ್ತರಿ ಹಾಕುದಾ?"

ಜೋಶಿ ಕಾಕು ಪರಿಹಾರ ಸೂಚಿಸಿದರು. ಬಾಲ್ದಿಯಲ್ಲಿ ವಿಸರ್ಜನೆ ಮಾಡೋಣ, ಆಮೇಲೆ ಕತ್ತರಿಸಿದರೆ ದೋಷವಿಲ್ಲ. ಯಾರೋ ಓಡಿಹೋಗಿ ಬಾಲ್ದಿ ತಂದರು. ಅದು ಬಾತ್ರೂಮಿನದು ಎಂದು ಅಜ್ಜಿ ತಿರುಗಿಸಿ ಕಳುಹಿಸಿದರು. ಅಡುಗೆಯವರು ಸಾಂಬಾರ್ ಬಡಿಸುವ ಬಾಲ್ದಿ ತೊಳೆದು ಕೊಟ್ಟರು.

"ವಿಸರ್ಜನೆ ಆಗ್ಬಹುದು. ಆದ್ರೆ ಪೂಜೆ ಮಾಡದೆ ವಿಸರ್ಜನೆ ಹೇಗೆ?" ಎಂದರು ಭಟ್ಟರು. "ಸಣ್ಣದಾಗಿ ಒಂದು ಪೂಜೆ ಮಾಡುವಾ. ಆವಾಹನೆಯಿಂದ ಶುರು ಮಾಡ್ಬೇಕು."

ಅಷ್ಟು ಹೊತ್ತಿಗೆ ಮುಹೂರ್ತ ಮುಗಿದೇ ಹೋಗುತ್ತದೆ. ನಿಧಿಯ ಮುಖ ಅಳುವಷ್ಟಕ್ಕೆ ಬಂದಿತ್ತು. ನನ್ನ ಮುಂದೆ ಎರಡು ದಾರಿ ಇದ್ದವು. ದೇವರನ್ನು ಹೆಣೆದ ಮಹಾನುಭಾವನಾಗಿ ಉಳಿಯಬಹುದು, ಇಲ್ಲವೇ ನಿಧಿಯ ಮಾವನಾಗಿ ಉಳಿಯಬಹುದು.

"ಅಜ್ಜೀ," ಎಂದೆ. "ಇದು ಗಣಪತಿಯಲ್ಲ. ಮೊಲ."

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಚೀಲವನ್ನು ಆ ಕಡೆ ಈ ಕಡೆ ತಿರುಗಿಸಿದರು.

"ಮೊಲವಾ? ಯಾವ ಕಡೆಯಿಂದ?"

"ಅದು ಸೊಂಡಿಲಲ್ಲ, ಕಿವಿ. ಇನ್ನೊಂದು ಕಿವಿ ಒಳಗೆ ಹೋಗಿದೆ. ದಂತವಲ್ಲ, ಹಲ್ಲು. ಇನ್ನೊಂದು ಬಿದ್ದುಹೋಗಿದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಇಡೀ ಹಾಲ್ ನಕ್ಕಿತು. ಭಟ್ಟರು ಶಲ್ಯ ಬಾಯಿಗೆ ಅಡ್ಡ ಹಿಡಿದರು. ಅಜ್ಜಿ ಮಾತ್ರ ನಗಲಿಲ್ಲ. "ನಾನು ಬೆಳಿಗ್ಗೆಯಿಂದ ಮೊಲಕ್ಕೆ ಕೈ ಮುಗ್ದದ್ದಾ?" ಎಂದು ತಮಗೆ ತಾವೇ ಹೇಳಿಕೊಂಡರು. ನಿಧಿ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡಳು.

"ಮಾಮಾ, ಮೇರೇವಾಲಾ ಮೊಲ? ದಿಖ್ ರಹಾ ಹೈ ನಾ, ಪೂರಾ ಮೊಲ ಹೈ!"

ಇಡೀ ಹಾಲ್‌ನಲ್ಲಿ ಅವಳೊಬ್ಬಳಿಗೆ ಅದು ಮೊಲವಾಗಿ ಕಂಡಿತು. ಕಂಡಿತೋ, ಕಂಡಂತೆ ಹೇಳಿದಳೋ, ನನಗೆ ಕಣ್ಣು ತುಂಬಿಬಂತು. ಅವಳು ಮೊಲದ ಕುತ್ತಿಗೆ ಕತ್ತರಿಸಿದಳು. ಸುಲಭವಾಗಿ ಅಲ್ಲ, ನನ್ನ ಹೆಣಿಗೆಯ ಎದುರು ಕತ್ತರಿಯೇ ಸೋಲುವಂತಿತ್ತು. ಕೊನೆಗೆ ಉಂಗುರ ಅಕ್ಕಿಯ ಮೇಲೆ ಬಿತ್ತು. ನಾನು ಎತ್ತಿ ಕೊಟ್ಟೆ. ರಾಹುಕಾಲಕ್ಕೆ ಮೊದಲೇ ಅದು ಹುಡುಗನ ಬೆರಳು ಸೇರಿತು.

ಮರುದಿನ ತಂಗಿಯ ಫೋನ್ ಬಂತು. ಮದುವೆಗೆ ನನಗೆ ಕೆಲಸ ನಿಗದಿಯಾಗಿತ್ತು. "ಅಣ್ಣ, ನೀನು ಹೂವು ಕಟ್ಟು. ಬೇರೆ ಎಂತದ್ದೂ ಕಟ್ಬೇಡ."

ತಲೆ ಹೋದ ಚೀಲ ಈಗ ನಮ್ಮ ಅಡುಗೆಮನೆಯಲ್ಲಿದೆ. ಬಿಸಿ ಪಾತ್ರೆ ಇಳಿಸಲು ಇದರಷ್ಟು ಗಟ್ಟಿ ವಸ್ತು ಮಾರ್ಕೆಟ್ಟಿನಲ್ಲೂ ಸಿಗುವುದಿಲ್ಲ ಎಂದು ವಾರಿಜ ಹೇಳುತ್ತಾಳೆ. ನನ್ನ ಕೈಕೆಲಸಕ್ಕೆ ಅವಳಿಂದ ಸಿಕ್ಕಿದ ಮೊದಲ ಪ್ರಶಂಸೆ ಅದು. ಮೊನ್ನೆ ಜೋಶಿ ಕಾಕು ಮತ್ತೆ ಹೆಪ್ಪಿಗೆ ಬಂದಿದ್ದರು. ಸಾರಿನ ಪಾತ್ರೆಯ ಪಕ್ಕ ಆ ಕಿತ್ತಳೆ ತುಂಡು ನೋಡಿ, ಅಭ್ಯಾಸಬಲದಿಂದ ಚಪ್ಪಲಿ ಕಳಚಿ ಕೈ ಮುಗಿದರು. ಅದರ ಪಕ್ಕದಲ್ಲೇ ನಾನೂ ನಿಂತಿದ್ದೆ. ನನ್ನ ಕಡೆ ತಿರುಗಿ, "ಅಣ್ಣಾ, ಜರಾ ಬಾಜೂಲಾ ವ್ಹಾ" ಎಂದರು.

ಸ್ವಲ್ಪ ಪಕ್ಕಕ್ಕೆ ಸರಿಯಬೇಕಂತೆ. ಸರಿದೆ.